ಬಾಯಿಪಾಠ ಬರುತ್ತದೆ, ಓದುವ ಆಸೆ ಬರುತ್ತಿಲ್ಲ: ಮಕ್ಕಳಿಗೆ ಸತ್ಯವೇದ (ಬೈಬಲ್) ಹೇಗೆ ಕಲಿಸುತ್ತಿದ್ದೀರಿ?

ಬೆಟಗೇರಿ ಟೀಚರ್
ಭಾನುವಾರ, ರಾತ್ರಿ 9:40

ಎಲ್ಲರಿಗೂ ವಂದನೆಗಳು. ಸ್ವಲ್ಪ ಉದ್ದ ಆಗುತ್ತದೆ, ದಯವಿಟ್ಟು ಪೂರ್ತಿ ಓದಿ.

ನಾನು ಹನ್ನೊಂದು ವರ್ಷದಿಂದ ನಮ್ಮ ಚರ್ಚಿನ ಸಂಡೇ ಸ್ಕೂಲಿನಲ್ಲಿ ಕಲಿಸುತ್ತಿದ್ದೇನೆ. ಏಳರಿಂದ ಹತ್ತು ವರ್ಷದ ಮಕ್ಕಳು, ಒಟ್ಟು ಹದಿನಾಲ್ಕು ಜನ. ಹೋದ ತಿಂಗಳು ಬಾಯಿಪಾಠದ ಸ್ಪರ್ಧೆ ಇತ್ತು. ನಮ್ಮ ಕ್ಲಾಸಿನ ಒಬ್ಬ ಹುಡುಗಿ "ಯೆಹೋವನು ನನ್ನ ಕುರುಬನು, ಕೊರತೆಪಡೆನು" ಅಂತ ಶುರುವಾಗುವ 23ನೇ ಕೀರ್ತನೆಯನ್ನು ಒಂದಕ್ಷರ ತಪ್ಪದೆ ಹೇಳಿದಳು. ಮೊದಲ ಬಹುಮಾನ ಬಂತು, ಸ್ಟೀಲ್ ಡಬ್ಬಿ ಕೊಟ್ಟರು. ಅವಳು ಕೆಳಗೆ ಇಳಿದು ಬಂದಾಗ ಸುಮ್ನೆ ಕೇಳಿದೆ, "ಕೊರತೆಪಡೆನು ಅಂದ್ರೆ ಏನವ್ವಾ?" ಅವಳು ಹೇಳಿದಳು, "ಕೊರತೆ ಪಡೀತೀನಿ ಅಂತ ಟೀಚರ್. ಅಂದ್ರ ಕಷ್ಟ ಬರ್ತದ ಅಂತ."

ಎರಡು ತಿಂಗಳು ಆ ಮಗು ದಿನಾ ಮಲಗುವ ಮುಂಚೆ ಇದನ್ನು ಹೇಳಿಕೊಂಡಿದೆ. ದೇವರು ನನ್ನನ್ನು ಕಾಯುವ ಕುರುಬ, ಆದರೂ ನನಗೆ ಕಷ್ಟ ಬರುತ್ತದೆ ಅಂತ ತಿಳಿದುಕೊಂಡೇ ಹೇಳಿದೆ. "ಪಡೆನು" ಅಂದರೆ "ಪಡುವುದಿಲ್ಲ". ಹಳೆಯ ರೂಪ ಅದು, "ಅರಿಯೆನು", "ಮಾಡೆನು" ಇದ್ದ ಹಾಗೆ. ಈಗಿನ ಮಕ್ಕಳ ಕಿವಿಗೆ ಅದು "ಪಡೆ" ಅಂತಲೇ ಬೀಳುತ್ತದೆ. ತಪ್ಪು ಅವಳದಲ್ಲ, ನನ್ನದು. ಹೇಳಿಕೊಡುವಾಗ ಉಚ್ಚಾರ ನೋಡಿದೆ, ಎಲ್ಲಿ ನಿಲ್ಲಿಸುತ್ತಾಳೆ ನೋಡಿದೆ, ಅಧ್ಯಾಯ ವಚನ ಸರಿಯಾಗಿ ಹೇಳಿದಳಾ ನೋಡಿದೆ. ಅರ್ಥ ಮಾತ್ರ ಒಂದು ಸಲವೂ ಬಿಡಿಸಿ ಹೇಳಲಿಲ್ಲ.

ಅವತ್ತಿನಿಂದ ಮನಸ್ಸಿಗೆ ಸಮಾಧಾನ ಇಲ್ಲ. ನನ್ನ ಕ್ಲಾಸಿನ ಮಕ್ಕಳು 66 ಪುಸ್ತಕಗಳ ಹೆಸರು ರಾಗವಾಗಿ ಹಾಡುತ್ತಾರೆ. ಯಾವ ವಚನ ಎಲ್ಲಿದೆ ಅಂತ ಕೇಳಿದರೆ ನನಗಿಂತ ಬೇಗ ತೆಗೆಯುತ್ತಾರೆ. ಆದರೆ ಯಾರೂ ಹೇಳದೆ, ಬಹುಮಾನ ಇಲ್ಲದೆ, ತಾವಾಗಿಯೇ ಸತ್ಯವೇದ ತೆರೆದು ಕೂರುವ ಮಗು ಹದಿನಾಲ್ಕರಲ್ಲಿ ಒಂದೂ ಇಲ್ಲ. ನಾನು ಮನೆಮನೆಗೆ ಹೋಗಿ ಕೇಳಿದ್ದೇನೆ, ಊಹೆ ಮಾಡಿ ಹೇಳುತ್ತಿಲ್ಲ.

ಈ ವರ್ಷ ನನ್ನ ಕ್ಲಾಸಿನಲ್ಲಿ ಸ್ಟಿಕರ್, ಬಹುಮಾನ ಎಲ್ಲಾ ನಿಲ್ಲಿಸಬೇಕು ಅಂತಿದ್ದೇನೆ. ಒಂದು ತಿಂಗಳಿಗೆ ಒಂದೇ ಭಾಗ, ಅದನ್ನೇ ನಿಧಾನವಾಗಿ ಓದೋಣ ಅಂತ. ನೀವೆಲ್ಲಾ ಹೇಗೆ ಮಾಡುತ್ತಿದ್ದೀರಿ? ನಿಮ್ಮ ಮಕ್ಕಳಿಗೆ ವಾಕ್ಯದ ಮೇಲೆ ಪ್ರೀತಿ ಬಂದಿದ್ದರೆ ಅದು ಯಾವಾಗ, ಹೇಗೆ ಬಂತು ಅಂತ ಹೇಳಿ.

ಹುಬ್ಬಳ್ಳಿ ಹುಡುಗ
ಭಾನುವಾರ, ರಾತ್ರಿ 10:25

ಅಕ್ಕಾ, ನೀವು ಹೇಳಿದ ಆ ಹುಡುಗಿ ನಾನೇ. ಅಂದರೆ ಹದಿನೈದು ವರ್ಷದ ಹಿಂದಿನ ನಾನು. ಐದು ವರ್ಷ ಸತತವಾಗಿ ಮೊದಲ ಬಹುಮಾನ ತಗೊಂಡಿದ್ದೇನೆ. 119ನೇ ಕೀರ್ತನೆಯಲ್ಲಿ 176 ವಚನ ಇದೆ, ಅದರಲ್ಲಿ ಅರ್ಧಕ್ಕಿಂತ ಜಾಸ್ತಿ ಬಾಯಿಗೆ ಬರುತ್ತಿತ್ತು. ಹದಿನೈದು ತುಂಬಿದ ಮೇಲೆ ನನ್ನ ವಯಸ್ಸಿನವರಿಗೆ ಸ್ಪರ್ಧೆ ಇರಲಿಲ್ಲ. ಅವತ್ತು ಮುಚ್ಚಿದ ಪುಸ್ತಕವನ್ನು ಏಳು ವರ್ಷ ತೆರೆಯಲಿಲ್ಲ. ಸಿಟ್ಟು ಇರಲಿಲ್ಲ, ನಂಬಿಕೆ ಬಿಟ್ಟಿರಲೂ ಇಲ್ಲ. ಯಾಕೆ ಓದಬೇಕು ಅಂತಲೇ ಗೊತ್ತಿರಲಿಲ್ಲ.

ಮತ್ತೆ ಶುರುವಾಗಿದ್ದು ನೈಟ್ ಶಿಫ್ಟ್‌ನಲ್ಲಿ. ಮೊಬೈಲಿನಲ್ಲಿ ಕನ್ನಡ ಆಡಿಯೋ ಬೈಬಲ್ ಹಾಕಿಕೊಂಡೆ. ಯೇಸುವಿನ ಜೀವನ ಹೇಳುವ ಮಾರ್ಕನ ಸುವಾರ್ತೆ, 16 ಅಧ್ಯಾಯ, ಒಂದೇ ರಾತ್ರಿಯಲ್ಲಿ ಪೂರ್ತಿ ಕೇಳಿದೆ. ಅಲ್ಲಿಯವರೆಗೆ ನನಗೆ ಮಾರ್ಕ ಅಂದರೆ ಬಿಡಿ ಬಿಡಿ ವಚನ. ಇದು ಒಂದೇ ಕಥೆ, ಯೇಸು ಒಂದು ಊರಿನಿಂದ ಇನ್ನೊಂದು ಊರಿಗೆ ಅವಸರದಲ್ಲಿ ನಡೆಯುತ್ತಾ ಇದ್ದಾನೆ, ಶಿಷ್ಯರಿಗೆ ಏನೂ ಅರ್ಥ ಆಗುತ್ತಿಲ್ಲ, ಕೊನೆಗೆ ಎಲ್ಲರೂ ಬಿಟ್ಟು ಓಡಿಹೋಗುತ್ತಾರೆ ಅಂತ ಆವತ್ತೇ ನನಗೆ ಕಂಡದ್ದು. ಬೆಳಗಿನ ಜಾವ ನಾಲ್ಕು ಗಂಟೆಗೆ, ಯೇಸು ನನಗೆ ಗೊತ್ತೇ ಇಲ್ಲ ಅಂದ ಶಿಷ್ಯ ಪೇತ್ರ ಅಳುವ ಭಾಗ ಬಂತು. ನಾನೂ ಅತ್ತೆ.

ಬಹುಮಾನ ನಿಲ್ಲಿಸಿ ಅಕ್ಕಾ. ಆದರೆ ಅದಕ್ಕಿಂತ ಮುಖ್ಯ, ಮಕ್ಕಳಿಗೆ ಇಡೀ ಪುಸ್ತಕ ಓದಿ ಹೇಳಿ.

ಮಂಗಳೂರಿನ ಮೇಷ್ಟ್ರು
ಸೋಮವಾರ, ಬೆಳಿಗ್ಗೆ 6:15

ಟೀಚರಮ್ಮ, ನಿಮ್ಮ ಸಂಕಟ ಅರ್ಥವಾಯಿತು. ಆದರೂ ಬಾಯಿಪಾಠದ ಪರವಾಗಿ ಒಂದು ಮಾತು ಹೇಳುತ್ತೇನೆ, ಯಾಕೆಂದರೆ ಇತ್ತೀಚೆಗೆ ಎಲ್ಲರೂ ಅದನ್ನು ಬೈಯುವುದೇ ಆಗಿದೆ.

ನನ್ನ ತಾಯಿಗೆ ಕೊನೆಯ ಒಂಬತ್ತು ವರ್ಷ ಕಣ್ಣು ಕಾಣುತ್ತಿರಲಿಲ್ಲ. ಆಗ ಮನೆಯಲ್ಲಿ ಆಡಿಯೋ ಇಲ್ಲ, ಏನೂ ಇಲ್ಲ. ಹಗಲು ನಾವೆಲ್ಲ ಕೆಲಸಕ್ಕೆ ಹೋದರೆ ಅವರು ಒಬ್ಬರೇ. ಚಿಕ್ಕಂದಿನಲ್ಲಿ ಕಲಿತ ಕೀರ್ತನೆಗಳನ್ನು ಒಂದಾದ ಮೇಲೊಂದು ಹೇಳಿಕೊಂಡು ಕೂರುತ್ತಿದ್ದರು. "ಆಗ ಕಲಿಯುವಾಗ ಅರ್ಧ ತಿಳಿಯುತ್ತಿರಲಿಲ್ಲ, ಈಗ ಒಂದೊಂದೇ ತಿಳಿಯುತ್ತಿದೆ" ಅನ್ನುತ್ತಿದ್ದರು. ಅದು ಅವರೊಳಗೆ ಇಲ್ಲದೇ ಇದ್ದಿದ್ದರೆ ಆ ಒಂಬತ್ತು ವರ್ಷ ಹೇಗೆ ಕಳೆಯುತ್ತಿದ್ದರೋ.

ನಮ್ಮ ಮನೆಮಾತು ತುಳು. ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಷನ್ನಿನ ಕ್ರೈಸ್ತ ಮಿಷನರಿಗಳು 1834ರಲ್ಲಿ ಮಂಗಳೂರಿಗೆ ಬಂದರು. 1847ಕ್ಕೇ ತುಳುವಿನಲ್ಲಿ ಹೊಸ ಒಡಂಬಡಿಕೆ, ಅಂದರೆ ಸತ್ಯವೇದದ ಎರಡನೆಯ ಭಾಗ, ಅಚ್ಚಾಗಿತ್ತು, ಕನ್ನಡ ಲಿಪಿಯಲ್ಲಿ. ಜನ ಮನೆಯಲ್ಲಿ ಯಾವ ಮಾತು ಆಡುತ್ತಾರೋ ಆ ಮಾತಿನಲ್ಲೇ ವಾಕ್ಯ ಕೇಳಬೇಕು ಅಂತ ಅಷ್ಟು ಮೊದಲೇ ಅವರಿಗೆ ಹೊಳೆದಿತ್ತು. ನಿಘಂಟಿನ ಕಿಟ್ಟೆಲ್ ಗೊತ್ತಲ್ಲ, ಅವರು 1862ರಲ್ಲಿ ಕಥಾಮಾಲೆ ಅಂತ ಯೇಸುವಿನ ಚರಿತ್ರೆಯನ್ನು ನಮ್ಮ ಛಂದಸ್ಸಿನಲ್ಲಿ ಹಾಡುವ ಹಾಗೆ ಬರೆದರು. ಈ ನಾಡಿನಲ್ಲಿ ಹಾಡಾದದ್ದು ಮರೆಯುವುದಿಲ್ಲ ಅಂತ ಅವರು ಕಂಡುಕೊಂಡಿದ್ದರು. ಆದ್ದರಿಂದ ಬಾಯಿಪಾಠ ಬಿಡಬೇಡಿ. ಮೊದಲು ಅರ್ಥ ಹೇಳಿ, ಆಮೇಲೆ ರಾಗ ಹಾಕಿ, ಆಮೇಲೆ ಬಾಯಿಗೆ ಬರಲಿ. ಬಹುಮಾನದ ಬಗ್ಗೆ ನನಗೆ ತಕರಾರಿಲ್ಲ, ನಿಲ್ಲಿಸಿದರೆ ನಿಲ್ಲಿಸಿ.

ಎರಡು ಮಕ್ಕಳ ಅಮ್ಮ, ಬೆಂಗಳೂರು
ಸೋಮವಾರ, ಮಧ್ಯಾಹ್ನ 1:05

ನಿಮ್ಮ ಸಮಸ್ಯೆ ನೋಡಿದರೆ ನನಗೆ ಆಸೆ ಆಗುತ್ತದೆ ಟೀಚರ್. ನಿಮ್ಮ ಮಕ್ಕಳಿಗೆ "ಕೊರತೆಪಡೆನು" ಓದಲಾದರೂ ಬರುತ್ತದೆ. ನನ್ನ ಮಕ್ಕಳಿಬ್ಬರಿಗೂ ಕನ್ನಡ ಮಾತಾಡಲು ಬರುತ್ತದೆ, ಓದಲು ಬರುವುದಿಲ್ಲ. ಶಾಲೆ ಇಂಗ್ಲಿಷ್ ಮೀಡಿಯಂ. ನಾವು ಹೋಗುವುದು ಕನ್ನಡ ಆರಾಧನೆಗೆ. ಪಾಠ ಓದುವಾಗ ದೊಡ್ಡವರೆಲ್ಲ ಪುಸ್ತಕ ತೆರೆಯುತ್ತಾರೆ, ನನ್ನ ಮಗ ಫ್ಯಾನ್ ನೋಡುತ್ತಾ ಕೂರುತ್ತಾನೆ. ಇಂಗ್ಲಿಷ್ ಬೈಬಲ್ ಕೊಡಿಸಿದೆ. ಅದನ್ನು ಓದುತ್ತಾನೆ, ಆದರೆ ಅಜ್ಜಿಯ ಹತ್ತಿರ ಅದರ ಬಗ್ಗೆ ಮಾತಾಡಲು ಅವನಿಗೆ ಪದಗಳಿಲ್ಲ. ಅಜ್ಜಿಯ ಸತ್ಯವೇದ, ಅವನ ಬೈಬಲ್ ಬೇರೆ ಬೇರೆ ಅಂತಲೇ ತಿಳಿದುಕೊಂಡಿದ್ದ.

ಇನ್ನೊಂದು ವಿಷಯ ಹೇಳಲೇಬೇಕು. ನಮ್ಮ ಮನೆಯಲ್ಲಿ ಸತ್ಯವೇದಕ್ಕೆ ಮರ್ಯಾದೆ ಜಾಸ್ತಿ. ಕಾಲು ತಾಗಿದರೆ ಮುಟ್ಟಿ ಕಣ್ಣಿಗೆ ಒತ್ತಿಕೊಳ್ಳುತ್ತೇವೆ. ಜಿಪ್ ಇರುವ ಕವರ್ ಹಾಕಿ ಶೋಕೇಸಿನ ಮೇಲಿನ ಅರೆಯಲ್ಲಿ ಇಟ್ಟಿದ್ದೇವೆ. ಮಕ್ಕಳ ಕೈಗೆ ಸಿಗದ ಎತ್ತರ ಅದು! ಹರಿಯುತ್ತಾರೆ, ಗೀಚುತ್ತಾರೆ ಅಂತ. ಈ ಚರ್ಚೆ ಓದಿದ ಮೇಲೆ ಹೋಗಿ ನೋಡಿದೆ, ಕವರ್ ಮೇಲೆ ಧೂಳು ಇತ್ತು. ಬೇಜಾರಾಯಿತು.

ಅಯ್ಯನವರು, ಹರಿಹರದ ಕಡೆ
ಸೋಮವಾರ, ರಾತ್ರಿ 9:10

ತಂಗಿ, ಆ ಪುಸ್ತಕ ಇವತ್ತೇ ಕೆಳಗೆ ಇಳಿಸಿ. ಗೀಚಲಿ ಬಿಡಿ. ನನ್ನ ಹತ್ತಿರ ಇರುವ ಹಳೆಯ ಸತ್ಯವೇದದ ಅಂಚಿನಲ್ಲಿ ನನ್ನ ಮಗಳು ಮೂರು ವರ್ಷದವಳಿದ್ದಾಗ ಬರೆದ ಗೆರೆಗಳಿವೆ. ಚರ್ಚಿನಲ್ಲಿ ಮಾಡುವ ಪ್ರಸಂಗಕ್ಕೆ (ಉಪದೇಶಕ್ಕೆ) ಸಿದ್ಧಮಾಡುವಾಗ ಆ ಪುಟ ಬಂದರೆ ನನಗೆ ಸಂತೋಷವೇ ಆಗುತ್ತದೆ.

ಮಕ್ಕಳಿಗೆ ಕನ್ನಡ ಓದಲು ಬರುವುದಿಲ್ಲ ಎಂದಿರಿ. ಸಂಡೇ ಸ್ಕೂಲ್ ಹೇಗೆ ಬೆಳೆಯಿತು ಅಂತ ನೆನಪಿಸಿಕೊಳ್ಳಿ. ಇಂಗ್ಲೆಂಡಿನ ಗ್ಲೌಸ್ಟರ್ ಊರಿನಲ್ಲಿ 1780ರಲ್ಲಿ ರಾಬರ್ಟ್ ರೇಕ್ಸ್ ಶುರುಮಾಡಿದಾಗ ಅದು ಓದು ಕಲಿಸುವ ಶಾಲೆಯೇ ಆಗಿತ್ತು. ವಾರವೆಲ್ಲಾ ದುಡಿಯುವ ಬಡಮಕ್ಕಳು, ಭಾನುವಾರ ಒಂದೇ ಬಿಡುವು. ಅಕ್ಷರ ಕಲಿಯಲು ಅವರಿಗೆ ಸಿಕ್ಕ ಪುಸ್ತಕವೇ ಬೈಬಲ್. ಇವತ್ತು ಬೆಂಗಳೂರಿನ ನಮ್ಮ ಮಕ್ಕಳಿಗೆ ಬೇಕಾದದ್ದೂ ಅದೇ ಅಲ್ವಾ? ಭಾನುವಾರ ಇಪ್ಪತ್ತು ನಿಮಿಷ ಕನ್ನಡ ಅಕ್ಷರ ಕಲಿಸಿ, ಮಾರ್ಕನ ಒಂದೊಂದು ಸಾಲು ಓದಿಸಿ. ನಾಚಿಕೆಪಡುವ ಕೆಲಸ ಅಲ್ಲ ಅದು. ನಮ್ಮ ಸಭೆಗಳು ಇದನ್ನೇ ಮಾಡಬೇಕು.

ಈಗ ಟೀಚರ್ ಕೇಳಿದ ಪ್ರಶ್ನೆಗೆ. ಪ್ರೀತಿ ಯಾವಾಗ ಬರುತ್ತದೆ ಅಂತ ನಾನು ನೋಡಿದ ಮಟ್ಟಿಗೆ ಹೇಳುವುದಾದರೆ, ಮಗು ಕೇಳಿದ ಪ್ರಶ್ನೆಗೆ ದೊಡ್ಡವರು ನಿಂತು ಉತ್ತರ ಕೊಟ್ಟ ದಿನ. ನಮ್ಮ ಸಭೆಯಲ್ಲಿ ಒಬ್ಬ ಹುಡುಗ, ಎಂಟು ವರ್ಷ, ಜಲಪ್ರಳಯದಲ್ಲಿ ನಾವೆಯಿಂದ ಉಳಿದ ನೋಹನ ಕಥೆ ಆದ ಮೇಲೆ ಎದ್ದು ನಿಂತು ಕೇಳಿದ: "ನಾವೆಯ ಹೊರಗೆ ಚಿಕ್ಕ ಮಕ್ಕಳೂ ಇದ್ದರಾ?" ಟೀಚರ್ ಪ್ರಾಣಿಗಳ ಚಿತ್ರಕ್ಕೆ ಬಣ್ಣ ಹಚ್ಚು ಅಂತ ಕೂರಿಸಿದರು. ಅವನು ಆರಾಧನೆ ಮುಗಿದ ಮೇಲೆ ನನ್ನ ಹತ್ತಿರ ಬಂದ. ಇದ್ದಿರಬಹುದು ಕಂದಾ, ಅದನ್ನು ಓದುವಾಗ ನನಗೂ ಎದೆ ಭಾರವಾಗುತ್ತದೆ ಅಂದೆ. ಆ ಅಧ್ಯಾಯದಲ್ಲಿ ದೇವರೇ ಹೃದಯದಲ್ಲಿ ನೊಂದುಕೊಂಡ ಅಂತ ಬರೆದಿದೆ, ಅದನ್ನು ತೋರಿಸಿದೆ. ಇಬ್ಬರೂ ಕೂತು ಓದಿದೆವು. ನಾನು ಎಲ್ಲಾ ಬಿಡಿಸಿ ಹೇಳಲಿಲ್ಲ, ಹೇಳಲು ಆಗುವುದೂ ಇಲ್ಲ. ಈಗ ಅವನಿಗೆ ಹನ್ನೊಂದು. ಪ್ರತಿ ಭಾನುವಾರ ಒಂದು ಪ್ರಶ್ನೆ ಚೀಟಿಯಲ್ಲಿ ಬರೆದುಕೊಂಡು ಬರುತ್ತಾನೆ. ಪ್ರಶ್ನೆ ಹುಡುಕುವುದಕ್ಕೆಂದೇ ಮನೆಯಲ್ಲಿ ಓದುತ್ತಾನೆ.

ದಾವಣಗೆರೆಯ ಹಿರಿಯರು
ಮಂಗಳವಾರ, ಬೆಳಿಗ್ಗೆ 7:30

ಅಯ್ಯನವರೇ, ಗೌರವದಿಂದಲೇ ಕೇಳುತ್ತೇನೆ. ಎಂಟು ವರ್ಷದ ಮಗುವಿಗೆ ಇಷ್ಟೆಲ್ಲಾ ಬೇಕಾ? ದೇವರ ವಾಕ್ಯವನ್ನು ಮೊದಲು ನಂಬಲಿ, ಪ್ರಶ್ನೆ ಆಮೇಲೆ ಕೇಳಲಿ. ಎಲ್ಲವನ್ನೂ ಪ್ರಶ್ನೆ ಮಾಡುವುದು ಕಲಿಸಿದರೆ ಭಯಭಕ್ತಿ ಎಲ್ಲಿ ಉಳಿಯುತ್ತದೆ? ನಮ್ಮ ಕಾಲದಲ್ಲಿ ಎದ್ದು ನಿಂತು ಕೇಳುವ ಧೈರ್ಯವೇ ಇರಲಿಲ್ಲ, ಆದರೂ ನಾವು ಇವತ್ತಿಗೂ ಸಭೆಯಲ್ಲಿ ಇದ್ದೇವೆ. ಈಗಿನ ಮಕ್ಕಳು ಕಾಲೇಜಿಗೆ ಹೋದ ತಕ್ಷಣ ಕಾಣುವುದಿಲ್ಲ.

ಅಯ್ಯನವರು, ಹರಿಹರದ ಕಡೆ
ಮಂಗಳವಾರ, ಮಧ್ಯಾಹ್ನ 3:20

ಅಣ್ಣಾ, ನಿಮ್ಮ ಭಯ ಸುಳ್ಳಲ್ಲ. ಕಾಲೇಜಿಗೆ ಹೋದ ಮೇಲೆ ಕಾಣದೇ ಹೋದ ಮಕ್ಕಳ ಲೆಕ್ಕ ನನ್ನ ಹತ್ತಿರವೂ ಇದೆ. ಆದರೆ ಅವರಲ್ಲಿ ಕೆಲವರ ಜೊತೆ ಕೂತು ಮಾತಾಡಿದ್ದೇನೆ. ಜಾಸ್ತಿ ಪ್ರಶ್ನೆ ಕೇಳಿ ಹೋದವರು ಕಡಿಮೆ. ಕೇಳಲು ಯಾರೂ ಇರಲಿಲ್ಲ ಅಂತ ಹೋದವರೇ ಜಾಸ್ತಿ.

ದೇವಾಲಯದಲ್ಲಿ ಸಿಕ್ಕಿದಾಗ ಯೇಸುವಿಗೆ ಹನ್ನೆರಡು ವರ್ಷ. ಬೋಧಕರ ನಡುವೆ ಕೂತು ಕೇಳುತ್ತಾ, ಪ್ರಶ್ನೆ ಮಾಡುತ್ತಾ ಇದ್ದ ಅಂತ ಲೂಕ ತನ್ನ ಸುವಾರ್ತೆಯಲ್ಲಿ ಬರೆಯುತ್ತಾನೆ. ಯಾಜಕ ಏಲಿಯ ಹತ್ತಿರ ಬೆಳೆದ ಹುಡುಗ ಸಮುವೇಲನನ್ನು ದೇವರು ರಾತ್ರಿ ಕರೆದ ಕಥೆಯನ್ನೂ ಒಮ್ಮೆ ಪೂರ್ತಿ ಓದಿ ನೋಡಿ. ಮಕ್ಕಳಿಗೆ "ಅಪ್ಪಣೆಯಾಗಲಿ, ನಿನ್ನ ದಾಸನು ಕೇಳುತ್ತಾನೆ" ಅನ್ನುವಲ್ಲಿಗೆ ನಿಲ್ಲಿಸಿಬಿಡುತ್ತೇವೆ. ಆಮೇಲೆ ದೇವರು ಆ ಹುಡುಗನಿಗೆ ಹೇಳಿದ್ದು ಏನು? ಏಲಿಯ ಮನೆತನಕ್ಕೆ ಬರುವ ಶಿಕ್ಷೆ. ಚಿಕ್ಕ ಹುಡುಗನ ಕಿವಿಗೆ ಬಿದ್ದ ಮೊದಲ ವಾಕ್ಯವೇ ಅಷ್ಟು ಕಠಿಣ. ಅವನು ಹೇಳಲು ಹೆದರುತ್ತಾನೆ. ಮುದುಕ ಏಲಿ, ಅದು ತನ್ನ ವಿರುದ್ಧವೇ ಇದ್ದರೂ, ನನ್ನಿಂದ ಏನೂ ಮುಚ್ಚಿಡಬೇಡ ಅನ್ನುತ್ತಾನೆ. ಏಲಿಯಲ್ಲಿ ತಪ್ಪುಗಳು ಬೇಕಾದಷ್ಟು. ಆದರೆ ಕೇಳುವುದು ಹೇಗೆ ಅಂತ ಆ ಹುಡುಗನಿಗೆ ಕಲಿಸಿದ್ದು ಅವನೇ. ನಾನು ಮಕ್ಕಳಿಗೆ ಕಲಿಸುವಾಗ ಏಲಿಯನ್ನು ತುಂಬಾ ಸಲ ನೆನೆಯುತ್ತೇನೆ.

ಕ್ಯಾಟಕಿಸಂ ಟೀಚರ್, ಮೈಸೂರು
ಮಂಗಳವಾರ, ರಾತ್ರಿ 8:45

ನಾನು ಕಥೋಲಿಕಳು, ಚರ್ಚಿನಲ್ಲಿ ಮಕ್ಕಳಿಗೆ ಕ್ಯಾಟಕಿಸಂ (ಧರ್ಮಪಾಠ) ಕಲಿಸುತ್ತೇನೆ, ಇಲ್ಲಿ ಬರೆಯಬಹುದು ಅಲ್ವಾ? ನಮ್ಮಲ್ಲಿ ಭಾನುವಾರದ ಪೂಜೆಯ ವಾಚನಗಳು ಮೂರು ವರ್ಷದ ಸುತ್ತಿನಲ್ಲಿ ಬರುತ್ತವೆ. ಒಂದು ವರ್ಷ ಮತ್ತಾಯ, ಒಂದು ವರ್ಷ ಮಾರ್ಕ, ಒಂದು ವರ್ಷ ಲೂಕ. ಹಾಗಾಗಿ ಮುಂದಿನ ಭಾನುವಾರ ಯಾವ ಭಾಗ ಅಂತ ಮೊದಲೇ ಗೊತ್ತಿರುತ್ತದೆ. ನಾನು ಮಾಡುವುದು ಇಷ್ಟೇ. ಹಿಂದಿನ ವಾರವೇ ಮಕ್ಕಳಿಗೆ ಆ ಶುಭಸಂದೇಶ (ನೀವು ಸುವಾರ್ತೆ ಅನ್ನುವುದು) ಓದಿ ಹೇಳುತ್ತೇನೆ. ಅಭಿನಯ ಮಾಡಿಸುತ್ತೇನೆ. ಒಂದು ಸಲ ಮಾಳಿಗೆಯಿಂದ ಪಾರ್ಶ್ವವಾಯು ರೋಗಿಯನ್ನು ಯೇಸುವಿನ ಮುಂದೆ ಇಳಿಸುವ ಕಥೆಗೆ ಬೆಡ್‌ಶೀಟಿನ ನಾಲ್ಕು ಮೂಲೆ ಹಿಡಿದು ಒಬ್ಬ ಹುಡುಗನನ್ನು ಮೇಜಿನಿಂದ ಇಳಿಸಿದರು. ಭಾನುವಾರ ಫಾದರ್ ಅದೇ ಭಾಗ ಓದಿದಾಗ ಮುಂದಿನ ಬೆಂಚಿನಲ್ಲಿದ್ದ ಮಕ್ಕಳೆಲ್ಲ ಒಬ್ಬರನ್ನೊಬ್ಬರು ನೋಡಿ ನಕ್ಕರು. "ನಮ್ಮ ಕಥೆ!" ಅಂತ ಒಬ್ಬಳು ಜೋರಾಗಿಯೇ ಹೇಳಿದಳು. ಬೆಡ್‌ಶೀಟ್ ನನ್ನದೇ, ಹರಿಯಿತು, ಪರವಾಗಿಲ್ಲ.

ಕುವೈತ್ ಕನ್ನಡಿಗ
ಬುಧವಾರ, ರಾತ್ರಿ 12:30

ನಮ್ಮಲ್ಲಿ ಸಂಡೇ ಸ್ಕೂಲ್ ನಡೆಯುವುದು ಶುಕ್ರವಾರ, ರಜೆ ಇರುವುದು ಆವತ್ತೇ. ಒಂಬತ್ತು ಮಕ್ಕಳು. ಹುಬ್ಬಳ್ಳಿ ಬ್ರದರ್ ಹೇಳಿದ ಹಾಗೆ ಇಡೀ ಪುಸ್ತಕ ಓದುವುದನ್ನು ನಾವು ಹೋದ ವರ್ಷ ಶುರುಮಾಡಿದೆವು. ಮೊದಲು ಓದಿದ್ದು ಪ್ರವಾದಿ ಯೋನನ ಪುಸ್ತಕ. ನಾಲ್ಕೇ ಅಧ್ಯಾಯ, 48 ವಚನ. ಜೋರಾಗಿ ಓದಿದರೆ ಹತ್ತು ನಿಮಿಷದಲ್ಲಿ ಮುಗಿಯುತ್ತದೆ. ದೊಡ್ಡ ಮೀನು ಯೋನನನ್ನು ನುಂಗಿದ ಕಥೆ ಮಕ್ಕಳಿಗೆ ಗೊತ್ತಿತ್ತು, ನಾಲ್ಕನೆಯ ಅಧ್ಯಾಯ ಇದೆ ಅಂತಲೇ ಗೊತ್ತಿರಲಿಲ್ಲ. ಯೋನ ಸಿಟ್ಟು ಮಾಡಿಕೊಂಡು ಊರ ಹೊರಗೆ ಕೂರುವುದು, ದೇವರು ನೆರಳಿಗೆ ಗಿಡ ಬೆಳೆಸುವುದು, ಹುಳ ಬಂದು ತಿನ್ನುವುದು, ಕೊನೆಗೆ ನಿನೆವೆಯ ಜನರ ಮೇಲೆ, ಅಲ್ಲಿನ ದನಕರುಗಳ ಮೇಲೆ ನಾನು ಕನಿಕರಿಸಬಾರದೇ ಅಂತ ದೇವರು ಕೇಳುವುದು. ಪುಸ್ತಕ ಆ ಪ್ರಶ್ನೆಗೇ ಮುಗಿದುಹೋಗುತ್ತದೆ. "ಆಮೇಲೆ? ಯೋನ ಏನು ಹೇಳಿದ?" ಅಂತ ಮಕ್ಕಳು ಪುಟ ತಿರುಗಿಸಿದರು. ಮುಂದೆ ಮೀಕ ಅನ್ನುವ ಬೇರೆ ಪುಸ್ತಕ ಇತ್ತು. ಆವತ್ತು ಅರ್ಧ ಗಂಟೆ ಅದೇ ಚರ್ಚೆ, ಕಾರಿನಲ್ಲಿ ಮನೆಗೆ ಹೋಗುವಾಗಲೂ ಅದೇ.

ಇನ್ನೊಂದು. ವೇಲ್ಸಿನ ಮೇರಿ ಜೋನ್ಸ್ ಎಂಬ ಹದಿನೈದು ವರ್ಷದ ಹುಡುಗಿ 1800ರಲ್ಲಿ ಒಂದು ಬೈಬಲಿಗಾಗಿ ಬರಿಗಾಲಲ್ಲಿ ಸುಮಾರು 40 ಕಿಲೋಮೀಟರ್ ನಡೆದ ಕಥೆ ನಾವೆಲ್ಲಾ ಹೇಳುತ್ತೇವೆ. ಒಳ್ಳೆಯ ಕಥೆ. ಆದರೆ ಬಳ್ಳಾರಿಯ ಕಥೆಯನ್ನೂ ಹೇಳಿ. ಮಿಷನರಿ ಜಾನ್ ಹ್ಯಾಂಡ್ಸ್ 1810ರಲ್ಲಿ ಬಳ್ಳಾರಿಗೆ ಬಂದು ಕನ್ನಡ ಕಲಿತು, 1831ರ ಹೊತ್ತಿಗೆ ಪೂರ್ತಿ ಬೈಬಲ್ ಕನ್ನಡಕ್ಕೆ ಬರುವ ಹಾಗೆ ಮಾಡಿದರು. ಇಪ್ಪತ್ತು ವರ್ಷ! ಬಳ್ಳಾರಿಯಿಂದ ಬಂದ ಒಂದು ಕುಟುಂಬದ ಹುಡುಗ ನಮ್ಮ ಕ್ಲಾಸಿನಲ್ಲಿದ್ದಾನೆ. "ನಮ್ಮೂರಲ್ಲಾ?" ಅಂತ ಮೂರು ಸಲ ಕೇಳಿದ.

ಎರಡು ಮಕ್ಕಳ ಅಮ್ಮ, ಬೆಂಗಳೂರು
ಬುಧವಾರ, ರಾತ್ರಿ 9:55

ಪುಸ್ತಕ ಕೆಳಗೆ ಇಳಿಸಿದೆ. ಊಟದ ಮೇಜಿನ ಮೇಲೆ ಇದೆ. ಇವತ್ತು ಅತ್ತೆ ಯೋನನ ಮೊದಲ ಅಧ್ಯಾಯ ಕನ್ನಡದಲ್ಲಿ ಓದಿದರು, ಮಗ ಇಂಗ್ಲಿಷ್ ಬೈಬಲಿನಲ್ಲಿ ಬೆರಳಿಟ್ಟುಕೊಂಡು ಹೋದ. "ಅಜ್ಜಿ, ಎರಡರಲ್ಲೂ ಒಂದೇ ಕಥೆ!" ಅಂದ. ಅತ್ತೆಗೆ ಕಣ್ಣಲ್ಲಿ ನೀರು. ನಾಳೆ ಎರಡನೇ ಅಧ್ಯಾಯ.

ದಾವಣಗೆರೆಯ ಹಿರಿಯರು
ಗುರುವಾರ, ಬೆಳಿಗ್ಗೆ 6:50

ಅಯ್ಯನವರೇ, ನಿನ್ನೆ ಒಂದನೇ ಸಮುವೇಲ ಪುಸ್ತಕದ ಮೂರನೇ ಅಧ್ಯಾಯ ಕೊನೆಯವರೆಗೆ ಓದಿದೆ. ಈ ಕೊನೆಯ ಭಾಗವನ್ನು ನನಗೆ ಯಾರೂ ಹೇಳಿರಲಿಲ್ಲ. ಪ್ರಶ್ನೆಯ ವಿಷಯದಲ್ಲಿ ನನಗೆ ಇನ್ನೂ ಪೂರ್ತಿ ಒಪ್ಪಿಗೆ ಇಲ್ಲ, ಭಯಭಕ್ತಿ ಬೇಕೇ ಬೇಕು ಅನ್ನುತ್ತೇನೆ. ಆದರೆ ಆ ಚೀಟಿ ಬರೆದು ತರುವ ಹುಡುಗನನ್ನು ಒಮ್ಮೆ ನೋಡಬೇಕು ಅನಿಸಿದೆ. ಮುಂದಿನ ತಿಂಗಳು ಹರಿಹರಕ್ಕೆ ಬರುವುದಿದೆ.

ಬೆಟಗೇರಿ ಟೀಚರ್
ಮುಂದಿನ ಭಾನುವಾರ, ರಾತ್ರಿ 9:15

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಒಂದೊಂದನ್ನೂ ಎರಡು ಸಲ ಓದಿದ್ದೇನೆ. ಮೇಷ್ಟ್ರೇ, ಬಾಯಿಪಾಠ ಬಿಡುವುದಿಲ್ಲ. ನಿಮ್ಮ ತಾಯಿಯವರ ವಿಷಯ ಓದಿದ ಮೇಲೆ ಬಿಡಲು ಮನಸ್ಸೇ ಇಲ್ಲ. ಆದರೆ ಸ್ಪರ್ಧೆಗೆ ಈ ವರ್ಷ ನಮ್ಮ ಕ್ಲಾಸು ಹೋಗುವುದಿಲ್ಲ, ಹೇಳಿಬಿಟ್ಟಿದ್ದೇನೆ. ಇಬ್ಬರು ಪೋಷಕರಿಗೆ ಬೇಸರ ಆಗಿದೆ. ಅವರ ಮನೆಗೆ ಹೋಗಿ ಮಾತಾಡುತ್ತೇನೆ.

ಇವತ್ತು ಏನು ಮಾಡಿದೆ ಅಂತ ಹೇಳುತ್ತೇನೆ. ನಮ್ಮ ಕಡೆ ಸುಗ್ಗಿ ಆದ ಮೇಲೆ ಹೊಲದಲ್ಲಿ ರಾತ್ರಿ ಕುರಿ ನಿಲ್ಲಿಸುತ್ತಾರೆ, ಗೊಬ್ಬರಕ್ಕೆ ಅಂತ. ಊರ ಹೊರಗೆ ಒಂದು ಹಿಂಡು ಇತ್ತು. ಕುರಿ ಕಾಯುವ ಅಜ್ಜನನ್ನು ಮೊದಲೇ ಕೇಳಿ, ಆರಾಧನೆ ಮುಗಿದ ಮೇಲೆ ಹದಿನಾಲ್ಕು ಮಕ್ಕಳನ್ನೂ ಕರೆದುಕೊಂಡು ಹೋದೆ. ನಾನು ಪಾಠ ಮಾಡಲಿಲ್ಲ. ಮಕ್ಕಳೇ ಅಜ್ಜನನ್ನು ಕೇಳಿದರು. ರಾತ್ರಿ ನಿದ್ದೆ ಮಾಡುತ್ತೀರಾ? ತೋಳ ಬಂದರೆ? ಕುರಿ ಕಳೆದುಹೋದರೆ? ಕೋಲು ಯಾಕೆ, ಕುರಿಗೆ ಹೊಡೆಯುತ್ತೀರಾ? ಅಜ್ಜ ಕೋಲು ತೋರಿಸಿ, ಇದು ಹೊಡೆಯೋದಕ್ಕಲ್ಲ, ದಾರಿ ತಪ್ಪಿದ ಕುರಿಯನ್ನು ಬದಿಯಿಂದ ತಟ್ಟಿ ತರೋದಕ್ಕೆ ಅಂದರು. ಆ ದಿನ ಹುಟ್ಟಿದ ಒಂದು ಮರಿಯನ್ನು ಕಂಬಳಿಯೊಳಗೆ ಇಟ್ಟುಕೊಂಡಿದ್ದರು. ಎಲ್ಲರೂ ಸಾಲಾಗಿ ಮುಟ್ಟಿದರು.

ವಾಪಸ್ಸು ಬರುವಾಗ ಬೇವಿನ ಮರದ ಕೆಳಗೆ ಕೂತು ಕೀರ್ತನೆ ಓದಿದೆವು. ದೊಣ್ಣೆ, ಕೋಲು ಬರುವ ವಚನಕ್ಕೆ ಬಂದಾಗ ಯಾರೂ ಮಿಸುಕಾಡಲಿಲ್ಲ. ಆಮೇಲೆ ಆ ಹುಡುಗಿ, ಸ್ಟೀಲ್ ಡಬ್ಬಿಯ ಹುಡುಗಿ, ಕೈ ಎತ್ತಿದಳು. "ಟೀಚರ್, ಹಂಗಾದ್ರ ಅಜ್ಜನ ಕುರಿಗೆ ಕೊರತೆ ಇಲ್ಲ ಅಲ್ಲಾ? ಅಜ್ಜ ಇದ್ದಾರಲ್ಲ" ಅಂದಳು. ಹೌದವ್ವ ಅಂದೆ. "ಪಡೆನು" ಅಂದರೆ ಏನು ಅಂತ ಆಗ ಹೇಳಿದೆ. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದಳು. ಮೊದಲ ವಚನವನ್ನು ಮತ್ತೆ ಹೇಳಿದಳು, ಈ ಸಲ ನಿಧಾನವಾಗಿ, ಯಾರಿಗೂ ಕೇಳಿಸದ ಹಾಗೆ.

ಮುಂದಿನ ತಿಂಗಳು ಯೋನ ಓದುತ್ತೇವೆ. ಕುವೈತ್ ಬ್ರದರ್, ನಿಮ್ಮ ಮಕ್ಕಳು ಯೋನ ಏನು ಉತ್ತರ ಕೊಟ್ಟಿರಬಹುದು ಅಂತ ಹೇಳಿದರು? ಬರೆದು ಕಳಿಸಿ, ನಮ್ಮ ಮಕ್ಕಳಿಗೆ ಓದಿ ಹೇಳುತ್ತೇನೆ.